ಸತ್ತವರ ಸಾಲಿನ ಐದನೆಯ ಹೆಸರು

ಗುರುವಾರ ಬೆಳಿಗ್ಗೆ ಸೈನಿಕರಿಬ್ಬರು ಅವಳನ್ನು ನೀರಿನಿಂದ ಎತ್ತಿ, ಗಿರಣಿಯ ಕಟ್ಟೆಯಲ್ಲಿ ಒಂದು ಬಾಗಿಲಿನ ಮೇಲೆ ಮಲಗಿಸಿದ್ದರು. ಯಾರ ಮನೆಯ ಬಾಗಿಲೋ, ನೀಲಿ ಬಣ್ಣದ್ದು. ಪ್ರವಾಹದಲ್ಲಿ ತೇಲಿ ಬಂದದ್ದು. ಹಿಡಿಕೆ ಇನ್ನೂ ಅದರಲ್ಲೇ ಇತ್ತು.

ಇನ್‌ಸ್ಪೆಕ್ಟರ್ ತುದೋಸೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಅದನ್ನು ದೂರದಿಂದ ಕಂಡಾಗಲೇ ನನಗೆ ತಿಳಿಯಿತು.

"ಇವಳೇನಾ, ಇರಿಮಿಯ ತಾತ?"

"ಇವಳೇ. ನನ್ನ ತಂಗಿ ಮಗಳು ಸ್ಮರಾಂದ."

"ನನಗೂ ಗೊತ್ತು ತಾತ. ಕಾಗದಕ್ಕೆ ನಿಮ್ಮ ಬಾಯಿಂದ ಬರಬೇಕು, ಅದಕ್ಕೇ ಕೇಳ್ದೆ."

ಅವನು ಬರೆದುಕೊಂಡ. ಆರು ದಿನ ಕಾದದ್ದು ಆ ಒಂದು ಸಾಲಿನಲ್ಲಿ ಮುಗಿಯಿತು. ಕಳೆದ ಶುಕ್ರವಾರ ನೀರು ನುಗ್ಗಿದ್ದ ಕೆಳಪೇಟೆಗೆ ದೋಣಿಯವ ಲಿಕ್ಸಾಂದ್ರುವಿನ ಜೊತೆ ಹೋದವಳು ಮರಳಿರಲಿಲ್ಲ. ಗಿರಣಿಯ ಮೆಟ್ಟಿಲಲ್ಲಿ ಇಳಿಸಿದೆ, ತಿರುಗಿ ಬರುವಷ್ಟರಲ್ಲಿ ಅಲ್ಲಿರಲಿಲ್ಲ ಎಂದು ಅವನು ಪೊಲೀಸರಿಗೆ ಹೇಳಿದ್ದ.

ರಬ್ಬರ್ ಬೂಟು ಹಾಕಿಕೊಂಡಿದ್ದ ವೈದ್ಯ ಎದ್ದು ನಿಂತು ಕೈ ಒರೆಸಿಕೊಂಡ.

"ಮುಳುಗಿ ಸತ್ತಿದಾಳೆ. ಯಾವತ್ತು ಅಂತ ಮಾತ್ರ ಕೇಳಬೇಡಿ. ಹಿಮ ಕರಗಿ ಬಂದ ನೀರು, ಮಂಜುಗಡ್ಡೆ ಪೆಟ್ಟಿಗೆ ಇದ್ದ ಹಾಗಿದೆ, ಮೈ ಕೆಟ್ಟಿಲ್ಲ. ದೊಡ್ಡಾಸ್ಪತ್ರೆಯಲ್ಲಾದ್ರೆ ಹೇಳಿಯಾರು. ರಸ್ತೆ ಎಲ್ಲಿದೆ?"

"ಶುಕ್ರವಾರ ಅಂತ ಬರೀರಿ," ಎಂದ ತುದೋಸೆ. "ಇನ್ಯಾವತ್ತು ಸಾಯ್ತಾಳೆ?"

ನಾನು ಅವಳ ಪಕ್ಕದಲ್ಲಿ ಮಂಡಿಯೂರಿದೆ. ನಮ್ಮಲ್ಲಿ ಸತ್ತವರ ಮೈಮೇಲೆ ಗಂಟು ಉಳಿಸುವುದಿಲ್ಲ. ಗಂಟಿದ್ದರೆ ಆತ್ಮಕ್ಕೆ ದಾರಿ ಸಿಕ್ಕುವುದಿಲ್ಲವೆನ್ನುತ್ತಾರೆ. ಕತ್ತಿನ ವಸ್ತ್ರದ ಗಂಟು ಬಿಚ್ಚಿದೆ. ಬೂಟಿನ ಲಾಡಿ ಬಿಚ್ಚಿದೆ. ಮೂರು ವರ್ಷದ ಮಗುವಾಗಿದ್ದಾಗ, ತಾಯಿ ತೀರಿಕೊಂಡ ವಾರ, ಲಾಡಿ ಕಟ್ಟಲು ಅವಳಿಗೆ ಕಲಿಸಿದ್ದವನು ನಾನು. ಕೂದಲನ್ನು ಒಂದು ದಾರದಿಂದ ಹಿಂದಕ್ಕೆ ಕಟ್ಟಿಕೊಂಡಿದ್ದಳು. ಪೊಟ್ಟಣ ಕಟ್ಟುವ ಪ್ಲಾಸ್ಟಿಕ್ ದಾರ, ಹಸಿರು ಬಣ್ಣದ್ದು. ಗಂಟು ಬಿಗಿದುಹೋಗಿತ್ತು. ಹಲ್ಲಿನಿಂದ ಸಡಿಲಿಸಿದೆ. ದಾರವನ್ನು ಎಲ್ಲಿ ಎಸೆಯಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡೆ.

"ದೇವರು ಅವಳನ್ನ ಕ್ಷಮಿಸಲಿ," ಎಂದ ಒಬ್ಬ ಸೈನಿಕ. ಸತ್ತವರ ಹೆಸರೆತ್ತಿದಾಗ ಎಲ್ಲರೂ ಆಡುವ ಮಾತು. ಅವಳ ಬಗ್ಗೆ ಆ ಮಾತನ್ನು ಕೇಳಿದ್ದು ಅದೇ ಮೊದಲು.

ದಂಡೆಯ ಎತ್ತರದಲ್ಲಿದ್ದ ಹಿಟ್ಟಿನ ಉಗ್ರಾಣಕ್ಕೆ ಅವಳನ್ನು ಒಯ್ದರು. ಸ್ನಾನ ಮಾಡಿಸಲು ಹೆಂಗಸರು ಬಂದರು. ಸೈನಿಕರು ನನ್ನನ್ನು ತಮ್ಮ ದೋಣಿಯಲ್ಲಿ ಆಚೆ ದಡಕ್ಕೆ, ಚರ್ಚಿನ ಗುಡ್ಡದ ಬುಡಕ್ಕೆ ಬಿಟ್ಟರು. ಅವರಿಗೂ ತುದೋಸೆಗೂ ನದಿಯ ಕೆಳಗಿನ ಇನ್ನೊಂದು ಊರಿನಿಂದ ಕರೆ ಬಂದಿತ್ತು.

"ಶವದ ಪೆಟ್ಟಿಗೆ ತರೋಕೆ?" ಎಂದು ಕೇಳಿದೆ.

"ಲಿಕ್ಸಾಂದ್ರುಗೆ ಹೇಳಿದೀನಿ. ಮೂರು ಗಂಟೆಗೆ ಬರ್ತಾನೆ. ಒಳ್ಳೆ ಮನುಷ್ಯ, ದುಡ್ಡು ಬೇಡ ಅಂದ," ಎಂದ ತುದೋಸೆ.

*

ನಲವತ್ತಮೂರು ವರ್ಷಗಳಿಂದ ನಾನು ಈ ಚರ್ಚಿನ ಗಾಯಕ. ಪಾದ್ರಿಗಳ ಬಲಗಡೆ ನಿಂತು ಸ್ತೋತ್ರ ಹಾಡುತ್ತೇನೆ. ಜನ ಬರೆದುಕೊಡುವ ಹೆಸರುಗಳನ್ನು ಓದುತ್ತೇನೆ. ಪ್ರತಿ ಮನೆಯವರೂ ಒಂದು ಚೀಟಿ ಕೊಡುತ್ತಾರೆ. ಅದರ ಎಡಗಡೆ ಬದುಕಿರುವವರು. ಬಲಗಡೆ ಒಂದು ಶಿಲುಬೆ ಬರೆದು, ಅದರ ಕೆಳಗೆ ಸತ್ತವರು. ದೀಕ್ಷಾಸ್ನಾನದ ಹೆಸರು ಮಾತ್ರ, ಮನೆತನದ ಹೆಸರು ಬರೆಯುವ ರೂಢಿಯಿಲ್ಲ. ದೇವರಿಗೆ ವಿಳಾಸ ಬೇಕಾಗಿಲ್ಲ.

ಓದಿದ ಚೀಟಿಗಳನ್ನು ಕಸಕ್ಕೆ ಹಾಕುವಂತಿಲ್ಲ. ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಕೂಡಿಟ್ಟು ಶನಿವಾರ ಒಲೆಯಲ್ಲಿ ಸುಡುತ್ತೇನೆ.

ಅಂದು ಅವಳ ಹೆಸರನ್ನು ಬಲಗಡೆ ಬರೆಯುವ ಕೆಲಸ ನನ್ನದಾಗಿತ್ತು. ಊರಿನಲ್ಲಿ ಒಣಗಿದ ಕಾಗದವೆಂಬುದೇ ಇರಲಿಲ್ಲ. ಹಿಂಬದಿ ಖಾಲಿಯಿರುವ ಚೀಟಿ ಸಿಕ್ಕೀತೆಂದು ಡಬ್ಬಿ ತೆರೆದೆ.

ಮೇಲಿನಿಂದ ನಾಲ್ಕನೆಯದೋ ಐದನೆಯದೋ ಕಾಗದದಲ್ಲಿ ಸ್ಮರಾಂದ ನಗುತ್ತಿದ್ದಳು.

ಅದು ನಮ್ಮ ದೇಣಿಗೆಯ ಮನವಿ. ಅವಳ 'ಬಿಸಿ ಬಟ್ಟಲು' ಸಂಸ್ಥೆಯೆಂದರೆ ಆರು ಜನ ಹೆಂಗಸರು, ಒಂದು ಕೊಪ್ಪರಿಗೆ. ಒಂಟಿ ಮುದುಕರ ಮನೆಗೆ ಸೂಪು ಒಯ್ಯುವುದು ಅವರ ಕೆಲಸ. ನೀರು ಏರಿದ ಮರುದಿನವೇ ಅವಳು ಫೋನಿನಲ್ಲಿ ದೇಣಿಗೆಯ ಒಂದು ಪುಟ ತೆರೆದು, ಶಾಲೆಯಲ್ಲಿ ಆಶ್ರಯ ಪಡೆದ ಮೂವತ್ತೊಂದು ಮುದುಕರಿಗೆ ಸೌದೆ, ಔಷಧಿ, ಬ್ರೆಡ್ಡಿಗೆ ನೆರವು ಕೇಳಿದ್ದಳು. ಅವಳು ಕಾಣೆಯಾದ ಮೇಲೆ ಪುಟವನ್ನು ಅಡಿಗೆಯ ವೆತೂರಿಯ ನಡೆಸುತ್ತಿದ್ದಳು. ಪಕ್ಕದ ಊರಿನ ಬಸ್ ನಿಲ್ದಾಣದಲ್ಲಿ ಅಂಟಿಸಲೆಂದು ಅಚ್ಚು ಹಾಕಿಸಿದ್ದ ಹಾಳೆ ಇದು. ಚಿತ್ರದ ಕೆಳಗೆ, 'ಸ್ಮರಾಂದ ಇನ್ನೂ ಬಂದಿಲ್ಲ. ನಾವು ಭರವಸೆ ಬಿಟ್ಟಿಲ್ಲ. ನೀವೂ ಬಿಡಬೇಡಿ.'

ಹಾಳೆ ತಿರುವಿದೆ.

ಹಿಂಬದಿಯಲ್ಲಿ ಎಡಗಡೆ ಎರಡು ಹೆಸರು. ಬಲಗಡೆ ಶಿಲುಬೆಯ ಕೆಳಗೆ: ನೆಕುಲಾಯಿ. ಸಾಫ್ತ. ವಾಸಿಲೆ. ಕೂಸು ಅಗ್ರಿಪಿನ. ಸ್ಮರಾಂದ.

ಅಕ್ಷರ ಯಾರದೆಂದು ನೋಡುವ ಅಗತ್ಯ ನನಗಿಲ್ಲ. ಪ್ರತಿ ಮನೆಯ ಸತ್ತವರೂ ನನಗೆ ಬಾಯಿಪಾಠ. ತಂದೆ ನೆಕುಲಾಯಿ, ತಾಯಿ ಸಾಫ್ತ, ಗಂಡ ವಾಸಿಲೆ, ಹನ್ನೊಂದು ದಿನ ಬದುಕಿದ್ದ ಕೂಸು. ಇದು ವೆತೂರಿಯಳ ಮನೆ. ಹದಿನಾರು ವರ್ಷಗಳಿಂದ ನಾಲ್ಕೇ ಹೆಸರು.

ಶನಿವಾರ ಡಬ್ಬಿ ಖಾಲಿಯಾಗಿತ್ತು. ಐದನೆಯದು ಭಾನುವಾರ ಬಂದಿದೆ. ಅವಳು ಸಿಕ್ಕಿದ್ದು ಗುರುವಾರ.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಚೀಟಿಗಳು ಎಂಬತ್ತಕ್ಕೂ ಮೇಲಿದ್ದವು. ನಾನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದ್ದೆ. ಊರಿನ ಸತ್ತವರಲ್ಲಿ ಸ್ಮರಾಂದ ಎಂಬವರು ಇನ್ನೂ ಮೂವರಿದ್ದಾರೆ. ಆ ಹೆಸರು ನಾಲಿಗೆಯ ಮೇಲೆ ಹಾಯ್ದುಹೋದದ್ದು ನನಗೆ ತಿಳಿಯಲೂ ಇಲ್ಲ. ಅವಳ ಆತ್ಮಕ್ಕೆ ಶಾಂತಿ ಕೊಡೆಂದು ನಾನೇ, ನನ್ನ ಬಾಯಿಂದಲೇ ಕೇಳಿ, ಆಮೇಲೆ ಮನೆಗೆ ಹೋಗಿ ಅವಳು ಬಂದಾಳೆಂದು ಬಾಗಿಲ ಬಳಿ ಕುಳಿತಿದ್ದೆ.

ಪಾದ್ರಿ ಝಹಾರಿಯ ಒಳಗೆ ಬಂದರು.

"ಬರೆದ್ಯಾ, ಇರಿಮಿಯ?"

"ಬೇರೆಯವರು ಮೊದಲೇ ಬರೆದಿದಾರೆ, ಸ್ವಾಮಿ."

ಅವರು ಚೀಟಿಯನ್ನು ದೀಪದ ಹತ್ತಿರ ಹಿಡಿದು ಓದಿದರು. ಮಡಿಸಿ ನನ್ನ ಕೈಗೆ ಮರಳಿ ಕೊಟ್ಟರು.

"ಬದುಕಿರೋರನ್ನ ಶಿಲುಬೆ ಕೆಳಗೆ ಬರೆದ್ರೆ ಅದು ಮಾಟ ಮಾಡಿಸಿದಂಗೆ ಅಂತ ಈ ಊರಿನ ಹಸುಗೂಸಿಗೂ ಗೊತ್ತು," ಎಂದರು. "ಜನ ಪೊಲೀಸರ ಹತ್ರ ಸುಳ್ಳು ಹೇಳ್ತಾರೆ. ಪಾಪನಿವೇದನೆಗೆ ಬಂದು ನನ್ನ ಹತ್ರಾನೂ ಹೇಳ್ತಾರೆ. ಈ ಕಾಗದದಲ್ಲಿ ಯಾರೂ ಹೇಳಲ್ಲ. ಹೆದರ್ತಾರೆ."

"ಹಾಗಾದ್ರೆ ಅವಳಿಗೆ ಗೊತ್ತಿತ್ತು."

"ಗೊತ್ತಿತ್ತು. ಹೋಗಿ ಕೇಳು. ಮೆಲ್ಲಗೆ ಕೇಳು. ಅವಳ ಕೊಪ್ಪರಿಗೆ ಮೇಲೆ ಮೂವತ್ತೊಂದು ಜೀವ ಇವೆ."

*

ಶಾಲೆಯ ಅಂಗಳದಲ್ಲಿ ಹುರುಳಿಕಾಯಿ ಬೀಜದ ಸೂಪು ಕುದಿಯುತ್ತಿತ್ತು. ವ್ಯಾಯಾಮದ ಕೋಣೆಯ ಬಾಗಿಲಲ್ಲಿ ಮುದುಕಿಯೊಬ್ಬಳು ಕುರ್ಚಿ ಹಾಕಿಕೊಂಡು ಕುಳಿತು, ಡಬ್ಬಿಯ ಮಾಂಸವನ್ನು ದೂರಕ್ಕೆ ಹಿಡಿದು ನೋಡುತ್ತಿದ್ದಳು.

"ನೋಡು ಇರಿಮಿಯ, ಉಪವಾಸದ ತಿಂಗಳಲ್ಲಿ ಹಂದಿಮಾಂಸ ಕಳಿಸಿದಾರೆ. ನೀರಲ್ಲಿ ಸಾಯಲಿಲ್ಲ ಮುದುಕಿ, ನರಕಕ್ಕಾದ್ರೂ ಹೋಗಲಿ ಅಂತ." ಹೇಳಿದವಳು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಮರೆತೆ ಕಣಪ್ಪ. ಮರೆತೆ. ದೇವರು ಅವಳನ್ನ ಕ್ಷಮಿಸಲಿ. ನನ್ನ ಕಾಲುಚೀಲ ಅವಳೇ ಹಾಕ್ತಿದ್ದಳು."

ವೆತೂರಿಯ ಅಡಿಗೆಮನೆಯಲ್ಲಿದ್ದಳು. ಬ್ರೆಡ್ಡು, ಈರುಳ್ಳಿ, ಮಾತ್ರೆಗಳನ್ನು ಚೀಲಗಳಿಗೆ ತುಂಬಿ, ಬಾಯಿ ಕಟ್ಟಿ, ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಳು. ಕೆಳಪೇಟೆಯಲ್ಲಿ ಮಹಡಿ ಬಿಟ್ಟು ಬರಲೊಪ್ಪದ ಹನ್ನೆರಡು ಮನೆಗಳಿಗೆ ಆ ಚೀಲಗಳು. ಕಣ್ಣು ಅತ್ತು ಊದಿಕೊಂಡಿತ್ತು.

"ಬಂದ್ಯಾ ಅಣ್ಣ," ಎಂದು ನನ್ನ ಎರಡೂ ಕೈ ಹಿಡಿದಳು. "ನಮ್ಮ ಮಗು ಹೋಯ್ತಲ್ಲಣ್ಣ."

"ಪುಟದಲ್ಲಿ ಹಾಕಿದ್ಯಾ?"

"ಇನ್ನೂ ಇಲ್ಲ. ಸಂಜೆ ಹಾಕ್ತೀನಿ. ಕೈ ಬರ್ತಾ ಇಲ್ಲ."

ನಾನು ಚೀಟಿಯನ್ನು ಬ್ರೆಡ್ಡಿನ ಪಕ್ಕದಲ್ಲಿ ಇಟ್ಟೆ. ಹೆಸರುಗಳು ಮೇಲೆ ಬರುವಂತೆ.

"ಇದು ಯಾರ ಮನೆದು ವೆತೂರಿಯ?"

ಅವಳು ನೋಡಿದಳು. ಕೈಯಲ್ಲಿದ್ದ ಈರುಳ್ಳಿ ಚೀಲಕ್ಕೆ ಹೋಗಲಿಲ್ಲ.

"ಊರಲ್ಲಿ ಸ್ಮರಾಂದ ಅಂತ ಎಷ್ಟು ಜನ ಸತ್ತಿಲ್ಲ, ಅಣ್ಣ."

"ನಿನ್ನ ಮನೇಲಿ ಯಾರೂ ಸತ್ತಿಲ್ಲ. ನಿನ್ನ ಮನೆ ಸತ್ತವರು ನಾಲ್ಕೇ ಜನ. ನೀನು ಬರೀತೀಯ, ನಾನು ಓದ್ತೀನಿ. ಹದಿನಾರು ವರ್ಷ ಆಯ್ತು."

"ನನ್ನ ಚಿಕ್ಕಮ್ಮ ಒಬ್ಬಳಿದ್ದಳು…"

"ನಿನ್ನ ಚಿಕ್ಕಮ್ಮನ ಹೆಸರು ಕಟಿಂಕ. ಅವಳಿನ್ನೂ ಬದುಕಿದಾಳೆ. ನಿನ್ನ ಚೀಟಿಯ ಎಡಗಡೆ ಇದಾಳೆ, ನೋಡು."

ಅವಳು ಚೀಟಿಯನ್ನು ಬೆರಳಿನಿಂದ ಆಚೆ ತಳ್ಳಿದಳು.

"ಗಾಬರಿಯಲ್ಲಿ ಬರೆದುಬಿಟ್ಯಾ? ಬದುಕಿದ್ದಾಳೋ ಇಲ್ವೋ ಗೊತ್ತಿಲ್ದೆ?"

"ಹುಚ್ಚಾ ನಿನಗೆ?" ಅವಳ ದನಿ ಥಟ್ಟನೆ ಏರಿತು. "ಖಾತ್ರಿ ಇಲ್ದೆ ಆ ಕಡೆ ಬರೀತೀನಾ ನಾನು? ನನಗೂ ದೇವರಿಲ್ವಾ?"

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ತಿಳಿಯಿತು. ಈರುಳ್ಳಿಯನ್ನು ಮೆಲ್ಲನೆ ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಳಿತಳು. ಹೊರಗೆ ಮುದುಕಿ ಯಾರೊಂದಿಗೋ ಹಂದಿಮಾಂಸದ ವಿಷಯ ಮಾತಾಡುತ್ತಲೇ ಇದ್ದಳು.

"ಶನಿವಾರದಿಂದ ಗೊತ್ತು," ಎಂದಳು ವೆತೂರಿಯ.

"ಶನಿವಾರದಿಂದ."

"ಮೊದಲು ಬೈಯಿ ಅಣ್ಣ. ಹೊಡಿ. ಆಮೇಲೆ ಹೇಳ್ತೀನಿ."

"ಬೈಯೋಕೆ ಶಕ್ತಿ ಇಲ್ಲ ನನಗೆ. ಹೇಳು."

"ಪುಟ ಅವಳ ಹೆಸರಲ್ಲಿದೆ. ಬ್ಯಾಂಕಿಂದು ಅವಳ ಹೆಸರಲ್ಲಿದೆ. ಪುಟ ನಡೆಸೋ ಕಂಪನಿಗೆ ಶನಿವಾರ ಫೋನ್ ಮಾಡ್ದೆ. ಯಾರದೋ ವಿಷಯ ಅನ್ನೋ ಹಾಗೆ, ಪುಟ ತೆರೆದವರು ತೀರಿಕೊಂಡ್ರೆ ಏನ್ ಮಾಡ್ತೀರಿ ಅಂತ ಕೇಳ್ದೆ. ಆ ಹುಡುಗಿ ತುಂಬ ಮರ್ಯಾದೆಯಿಂದ ಅಂದ್ಲು, 'ಎಲ್ಲಾ ನಿಲ್ಲಿಸ್ತೀವಿ ಅಮ್ಮ. ವಾರಸುದಾರರು ಕಾಗದ ತರಲಿ. ಎರಡು ಮೂರು ತಿಂಗಳಲ್ಲಿ ಆಗುತ್ತೆ.' ಮೂರು ತಿಂಗಳು! ಇಲ್ಲಿ ಸೌದೆ ಮೂರು ದಿನಕ್ಕಿತ್ತು. ಒಳಗೆ ಸಕ್ಕರೆ ಕಾಯಿಲೆಯವರು ನಾಲ್ಕು ಜನ ಇದಾರೆ."

"ಅದಕ್ಕೆ ಅವಳನ್ನ ಬದುಕಿಸಿಟ್ಟೆ."

"ಪುಟದಲ್ಲಿ ಬದುಕಿಸಿಟ್ಟೆ." ಅವಳು ಏಪ್ರನ್ನಿನ ತುದಿಯಿಂದ ಮುಖ ಒತ್ತಿಕೊಂಡಳು. "ಇಟಲಿಯಲ್ಲಿ ಮುದುಕರನ್ನ ನೋಡಿಕೊಳ್ಳೋ ನಮ್ಮೂರ ಹುಡುಗೀರು ದಿನಾ ಕೇಳ್ತಾರೆ, ಅಕ್ಕ ಸಿಕ್ಕಿದ್ಲಾ ಅಂತ. ಕೇಳಿ ಏನಾದ್ರೂ ಕೊಟ್ಟೇ ಹೋಗ್ತಾರೆ. ಸತ್ತಳು ಅಂದ್ರೆ ಮೇಣದಬತ್ತಿ ಚಿತ್ರ ಹಾಕಿ ಸುಮ್ಮನಾಗ್ತಾರೆ ಅಣ್ಣ. ನಾನು ನೋಡಿದೀನಿ. ಹಾಗೇ ಆಗೋದು."

"ನನ್ನ ಕೈಲೂ ಬರೆಸಿದೆಯಲ್ಲೇ. 'ಬಾ ಮಗಳೇ, ನಿನ್ನ ಮಾವ ಬಾಗಿಲು ತೆರೆದಿಟ್ಟಿದಾನೆ' ಅಂತ. ನನ್ನ ಅಳೋ ಮುಖದ ಫೋಟೋ ಹಾಕ್ದೆ."

"ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಬಂತು," ಎಂದಳು. ನಾಚಿಕೆಯಿಂದಲೇ ಹೇಳಿದಳು, ಆದರೆ ಹೇಳಿದಳು.

ಬಾಗಿಲಾಚೆ ಮೂವತ್ತೊಂದು ಜನ ನನ್ನ ಅಳುವ ಮುಖದ ಸೂಪು ಕುಡಿಯಲು ಬಟ್ಟಲು ಹಿಡಿದು ಸಾಲುಗಟ್ಟುತ್ತಿದ್ದರು. ನಾನು ಯಾರ ಮೇಲೆ ಸಿಟ್ಟಾಗಲಿ?

"ಚರ್ಚಿನ ಚೀಟಿಯಲ್ಲೂ ಸುಳ್ಳು ಬರೆಯಬಹುದಿತ್ತು," ಎಂದೆ.

"ಆಗಲಿಲ್ಲ. ಕೂತೆ, ಎಡಗಡೆ ಬರೆಯೋಣ ಅಂತ ಪೆನ್ನು ಇಟ್ಟೆ. ನೀರಲ್ಲಿ ಸತ್ತ ಮಗು, ಒಂದು ದೀಪ ಇಲ್ಲ, ಒಂದು ಪ್ರಾರ್ಥನೆ ಇಲ್ಲ. ನಾನೂ ಬಿಟ್ಟರೆ ಅವಳಿಗೆ ಯಾರು? ನೀನು ಓದ್ತೀಯ ಅಂತ ಗೊತ್ತಿತ್ತು. ತಿಳಿಯದೆ ಆದ್ರೂ ಅವಳ ಮಾವನ ಬಾಯಲ್ಲೇ ಆಗಲಿ ಅಂದುಕೊಂಡೆ."

"ಯಾರು ಹೇಳಿದ್ದು ನಿನಗೆ?"

ಅವಳು ಕಿಟಕಿಯತ್ತ ನೋಡಿದಳು. ಕಿಟಕಿಯ ಕೆಳಗೆ, ಮೊದಲು ಆಟದ ಮೈದಾನವಿದ್ದಲ್ಲಿ, ಈಗ ನೀರು.

"ಲಿಕ್ಸಾಂದ್ರು. ಶನಿವಾರ ಬೆಳಿಗ್ಗೆ ಬಂದು ಇಲ್ಲೇ, ಈ ಸ್ಟೂಲ್ ಮೇಲೆ ಕೂತು ಅತ್ತ. ಪೊಲೀಸರಿಗೆ ಇಳಿಸಿ ಬಂದೆ ಅಂದಿದೀನಿ ಅಕ್ಕ, ಆದ್ರೆ ನಾನು ನೋಡ್ದೆ, ಮೆಟ್ಟಿಲಿಂದ ಜಾರಿ ಗಿರಣಿ ಚಕ್ರದ ಕೆಳಗೆ ಹೋದ್ಲು, ಕೈ ಕಾಣಿಸ್ತು, ಆಮೇಲೆ ಅದೂ ಇಲ್ಲ ಅಂದ. ದೇವರಪಟ ಮುಟ್ಟಿ ಹೇಳ್ದ. ಈಗ ಹೇಳಿದ್ರೆ ನನ್ನ ದೋಣಿ ಕಿತ್ಕೋತಾರೆ, ಪುಟ ಮುಚ್ತಾರೆ, ಮುದುಕರ ಗತಿ ಏನು ಅಂದ. ನನಗೂ ಹೌದು ಅನ್ನಿಸ್ತು."

"ಶುಕ್ರವಾರ ಅವಳು ಕೆಳಪೇಟೆಗೆ ಯಾಕೆ ಹೋದ್ಲು? ದೋಣಿ ಕೆಲಸ ಅವಳದಲ್ಲವಲ್ಲ."

"ಮೂರು ಮನೆಯಿಂದ ಫೋನ್ ಬಂದಿತ್ತು, ಚೀಲ ಮುಟ್ಟಿಲ್ಲ ಅಂತ. ನಾವು ಕಳಿಸಿದ್ದೆವು. 'ಸುಮ್ಮನೆ ಒಂದ್ಸಲ ನಾನೇ ಹೋಗಿ ನೋಡ್ಕೊಂಡು ಬರ್ತೀನಿ' ಅಂದ್ಲು. ನಗ್ತಾನೇ ಹೋದ್ಲು."

ನನಗೆ ಕೆಮ್ಮು ಬಂತು. ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದೆ. ಕರವಸ್ತ್ರದ ಜೊತೆ ಹಸಿರು ದಾರವೂ ಈಚೆ ಬಂದು ನೆಲದ ಮೇಲೆ ಬಿತ್ತು.

ವೆತೂರಿಯ ಅಡಿಗೆಯವರ ಅಭ್ಯಾಸದಂತೆ ಬಗ್ಗಿ ಎತ್ತಿಕೊಂಡಳು.

"ನಮ್ಮ ದಾರ. ನಿನ್ನ ಹತ್ರ ಹೇಗೆ ಬಂತು?"

ಆಗ ಮಾತ್ರ ನಾನು ಮೇಜನ್ನು ಸರಿಯಾಗಿ ನೋಡಿದೆ. ಸಾಲಾಗಿ ಇಟ್ಟಿದ್ದ ಚೀಲಗಳ ಬಾಯಿಗಳೆಲ್ಲ ಹಸಿರು ದಾರದಲ್ಲಿ ಕಟ್ಟಿದ್ದವು.

"ಚೀಲಕ್ಕೆ ಯಾವಾಗಲೂ ಇದನ್ನೇ ಕಟ್ಟೋದಾ?"

"ಈಗ ಇದು. ಮೊದಲು ಬಿಳಿ ಹತ್ತಿ ದಾರ ಇತ್ತು. ಭಾನುವಾರ ಮುಗೀತು. ದಾರ ಬೇಕು ಅಂತ ಪುಟದಲ್ಲಿ ಹಾಕ್ದೆ. ಸೋಮವಾರ ಬೆಳಿಗ್ಗೆ ಯಾರೋ ಹೂವಿನ ಅಂಗಡಿಯವರು ಸೈನಿಕರ ದೋಣಿಯಲ್ಲಿ ಉಂಡೆ ಕಳಿಸಿದ್ರು. ಪಾಪ, ಹೂಗುಚ್ಛ ಕಟ್ಟೋ ದಾರ."

"ಸೋಮವಾರಕ್ಕೆ ಮುಂಚೆ ನಮ್ಮೂರಲ್ಲಿ ಈ ದಾರ ಇರಲಿಲ್ಲ?"

"ಎಲ್ಲಿಂದ ಬರುತ್ತೆ? ಅಂಗಡಿಗಳೆಲ್ಲ ನೀರಲ್ಲಿದಾವೆ. ಯಾಕಣ್ಣ?"

ದಾರವನ್ನು ಅವಳ ಕೈಯಿಂದ ತೆಗೆದುಕೊಂಡೆ.

"ಇದನ್ನ ಬೆಳಿಗ್ಗೆ ಅವಳ ಕೂದಲಿಂದ ಬಿಚ್ಚಿದೆ."

ವೆತೂರಿಯ ದಾರವನ್ನು ನೋಡಿದಳು. ಚೀಲಗಳನ್ನು ನೋಡಿದಳು. ಮತ್ತೆ ದಾರವನ್ನು ನೋಡಿದಳು. ಬೆರಳಿನಲ್ಲಿ ಎಣಿಸುವವಳಂತೆ ಅವಳ ತುಟಿ ಅಲುಗಿತು. ಶುಕ್ರ, ಶನಿ, ಭಾನು, ಸೋಮ.

"ಇಲ್ಲ," ಎಂದಳು. "ಇಲ್ಲ ಅಣ್ಣ. ಅವನು ನೋಡಿದ್ನಲ್ಲ. ಕೈ ಕಾಣಿಸ್ತು ಅಂದ್ನಲ್ಲ."

"ಸೋಮವಾರ ಅವಳು ಬದುಕಿದ್ಲು. ಚೀಲ ಬಿಚ್ಚಿ ಬ್ರೆಡ್ ತಿಂದು, ದಾರದಲ್ಲಿ ಕೂದಲು ಕಟ್ಟಿಕೊಂಡಿದಾಳೆ. ಕೆಳಪೇಟೆಗೆ ಚೀಲ ಒಯ್ಯೋರು ಯಾರು?"

"ಅವನೊಬ್ಬನೇ. ಆ ಮೂರು ಮನೆ ಚೀಲಾನೂ ಅವನೇ ಒಯ್ದಿದ್ದು."

ಅವಳು ಸ್ಟೂಲಿನಿಂದ ಕೆಳಗೆ ಜಾರಿ ನೆಲದ ಮೇಲೆ ಕುಳಿತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಭಾನುವಾರ ಮಧ್ಯಾಹ್ನ ಸೈನಿಕರು ಬಂದಿದ್ರು," ಎಂದಳು. "ಗಿರಣಿ ಬೀದಿಯಲ್ಲಿ ಇನ್ನೊಂದ್ಸಲ ಮನೆ ಮನೆ ಹುಡುಕ್ತೀವಿ ಅಂದ್ರು. ನಾನು… ನಾನೇ ಬೇಡ ಅಂದೆ. ಮೊದಲು ಬದುಕಿರೋರನ್ನ ತನ್ನಿ ಅಂದೆ. ಅವರು ಮೇಲಿನ ಹಳ್ಳಿಗೆ ಹೋದ್ರು."

ಅವಳು ಕೈ ಚಾಚಿ ಮೇಜಿನ ಮೇಲಿದ್ದ ಚೀಟಿ ತೆಗೆದುಕೊಂಡಳು.

"ಬದುಕಿರೋ ಮಗೂನ ಶಿಲುಬೆ ಕೆಳಗೆ ಬರೆದೆ ಅಣ್ಣ ನಾನು."

"ಬರೆದದ್ದು ನೀನು. ಓದಿದ್ದು ನಾನು."

ಅದಕ್ಕಿಂತ ಹೆಚ್ಚಿನ ಸಮಾಧಾನ ನನ್ನಲ್ಲಿರಲಿಲ್ಲ. ಮೇಜಿನ ಮೇಲೆ ಅವಳ ಫೋನು ಸದ್ದು ಮಾಡಿತು. ಪುಟದಲ್ಲಿ ಯಾರೋ ಬರೆದಿದ್ದರು. ಇಟಲಿಯ ತೊರಿನೊದಿಂದ 'ಒಬ್ಬ ತಂಗಿ': 'ಸ್ಮರಾಂದಕ್ಕನ ಹೆಸರನ್ನು ಇಲ್ಲಿಯ ಚರ್ಚಿನಲ್ಲಿ ಬದುಕಿರುವವರ ಸಾಲಿನಲ್ಲಿ ಕೊಟ್ಟಿದ್ದೇನೆ. ಅವಳ ಮಾವನಿಗೆ ಹೇಳಿ.'

ತುದೋಸೆಗೆ ಎರಡು ಸಲ ಫೋನ್ ಮಾಡಿದೆ. ಹತ್ತಲಿಲ್ಲ.

ಅಂಗಳದ ಕೆಳಗಿನಿಂದ ದೋಣಿಯ ಮೋಟಾರಿನ ಸದ್ದು ಕೇಳಿಸಿತು. ಗೋಡೆಯ ಗಡಿಯಾರ ಮೂರು ತೋರಿಸುತ್ತಿತ್ತು.

"ಹೋಗಬೇಡ," ಎಂದಳು ವೆತೂರಿಯ, ನನ್ನ ಕೋಟಿನ ತುದಿ ಹಿಡಿದು.

"ಅವಳನ್ನ ಅವನೊಬ್ಬನ ಜೊತೆ ಕಳಿಸಲಾ? ಮತ್ತೊಂದ್ಸಲ?"

ಅವಳು ಕೋಟು ಬಿಟ್ಟಳು. ನಾನು ದಾರವನ್ನು ಒಳಜೇಬಿಗೆ, ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡೆ.

*

ಲಿಕ್ಸಾಂದ್ರು ಕೈ ಕೊಟ್ಟು ನನ್ನನ್ನು ದೋಣಿಗೆ ಹತ್ತಿಸಿಕೊಂಡ. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದ. ಮೋಟಾರು ಹೊಸದು, ನಮ್ಮ ಪುಟದ ನೆರವಿನಲ್ಲಿ ಕೊಂಡದ್ದು.

"ಮೆಲ್ಲಗೆ, ತಾತ. ಹಲಗೆ ಜಾರುತ್ತೆ."

ಉಗ್ರಾಣ ತಲುಪಿದಾಗ ಹೆಂಗಸರು ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆದು ಮುಗಿಸಿದ್ದರು. ಪೈನ್ ಮರದ ಹಸಿ ಹಲಗೆ. ವಾಸನೆ ಇನ್ನೂ ಹೋಗಿರಲಿಲ್ಲ. ನಾಲ್ವರು ಅದನ್ನು ಇಳಿಸಿ ದೋಣಿಯಲ್ಲಿ ಉದ್ದಕ್ಕೆ ಇಟ್ಟರು. ಅದರ ಮೇಲೆ ಒಂದು ರೊಟ್ಟಿ, ಹಚ್ಚಿದ ಒಂದು ಮೇಣದಬತ್ತಿ. ಇನ್ನೊಬ್ಬರು ಕೂರಲು ಜಾಗವಿರಲಿಲ್ಲ. ನಾನು ತಲೆಯ ಕಡೆ ಕುಳಿತೆ. ಅವನು ಕಾಲಿನ ಕಡೆ.

ಗುಡ್ಡದ ಮೇಲೆ ಗಂಟೆ ಬಾರಿಸತೊಡಗಿತು. ನೀರಿನ ಮೇಲೆ ಅದು ಹತ್ತಿರದಲ್ಲೇ ಇದ್ದಂತೆ ಕೇಳುತ್ತಿತ್ತು. ಮುಳುಗಿದ ಸೇಬಿನ ಮರಗಳ ತುದಿಗಳ ನಡುವೆ ದೋಣಿ ಸಾಗಿತು. ಬಲಕ್ಕೆ ಗಿರಣಿಯ ಚಾವಣಿ, ಅದರ ಅಟ್ಟದ ಕಿರುಕಿಟಕಿ. ಕಿಟಕಿಯ ಒಂದು ಕದ ಒಳಗಿನಿಂದ ಒದ್ದಂತೆ ಹೊರಕ್ಕೆ ಮುರಿದಿತ್ತು. ನಾನು ಅತ್ತ ನೋಡಬಾರದೆಂದುಕೊಂಡೇ ನೋಡಿದೆ. ಕತ್ತು ತಿರುಗಿಸಿದಾಗ ಅವನು ನನ್ನನ್ನು ನೋಡುತ್ತಿದ್ದ.

"ದೇವರು ಅವಳನ್ನ ಕ್ಷಮಿಸಲಿ," ಎಂದ.

"ಅವಳನ್ನೂ, ನಮ್ಮನ್ನೂ," ಎಂದೆ.

ಗಾಳಿಗೆ ಬತ್ತಿ ಆರಿತು. ಮತ್ತೆ ಹಚ್ಚಲು ನಾನು ಬೆಂಕಿಪೊಟ್ಟಣ ಹುಡುಕುತ್ತಿದ್ದೆ.

"ನೀವೇ ಗಂಟು ಬಿಚ್ಚಿದ್ರಂತೆ, ತಾತ."

"ಮಾವ ಅಲ್ವಾ. ನಾನೇ ಬಿಚ್ಚಬೇಕು."

"ಕೂದಲಲ್ಲಿ ಒಂದು ಹಸಿರು ದಾರ ಇತ್ತಲ್ಲ," ಎಂದ ಲಿಕ್ಸಾಂದ್ರು. "ಅದು ಎಲ್ಲಿದೆ?"

ಅವಳನ್ನು ನೀರಿನಿಂದ ಎತ್ತುವಾಗ ಅವನು ಅಲ್ಲಿರಲಿಲ್ಲ. ಅವನು ಬರುವ ಮೊದಲೇ ಮುಚ್ಚಳಕ್ಕೆ ಮೊಳೆ ಬಿದ್ದಿತ್ತು.

ನಾನು ಬತ್ತಿಗೆ ಕಡ್ಡಿ ಗೀರಿದೆ. ಅವನು ಕೈ ಹಿಂದಕ್ಕೆ ಚಾಚಿ ಮೋಟಾರು ನಿಲ್ಲಿಸಿದ. ದೋಣಿ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ, ಚರ್ಚಿಗೆ ಬೆನ್ನು ಹಾಕಿ, ಗಿರಣಿಯ ಕಟ್ಟೆಯ ಕಡೆಗೆ ಮೆಲ್ಲನೆ ಸರಿಯತೊಡಗಿತು. ಗಂಟೆ ಇನ್ನೂ ಬಾರಿಸುತ್ತಿತ್ತು.

"ಕೇಳಿಸಲಿಲ್ವಾ, ತಾತ?"

"ಮೊದಲು ಪ್ರಾರ್ಥನೆ ಮುಗಿಸ್ತೀನಿ ಕಣಪ್ಪ," ಎಂದೆ.

ಪುಸ್ತಕ ತೆರೆಯಲಿಲ್ಲ. ತೆರೆದರೆ ದಾರ ಕಾಣುತ್ತಿತ್ತು. ಒಂದು ಕೈಯಿಂದ ಎದೆಯ ಮೇಲೆ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟೆ. ನಲವತ್ತಮೂರು ವರ್ಷ ಹಾಡಿದ ರಾಗದಲ್ಲೇ ಹಾಡಿದೆ. ಮಾತು ಮಾತ್ರ ಪುಸ್ತಕದ್ದಾಗಿರಲಿಲ್ಲ.

ಕರ್ತನೇ, ಭಾನುವಾರ ನಾನು ಅವಳ ಹೆಸರನ್ನು ತಪ್ಪು ಸಾಲಿನಲ್ಲಿ ಓದಿದೆ. ಆ ಪ್ರಾರ್ಥನೆಯನ್ನು ನೀನು ಕೇಳಿಸಿಕೊಳ್ಳದೆ ಇದ್ದಿದ್ದರೆ ಚೆನ್ನಾಗಿತ್ತು. ಈಗ ಓದುತ್ತಿರುವುದು ಸರಿಯಾದ ಸಾಲು. ಇದನ್ನು ಕೇಳು. ನಿನ್ನ ದಾಸಿ ಸ್ಮರಾಂದ ಹಸಿದವರಿಗೆ ಬಿಸಿಯಾದುದನ್ನು ಕೊಟ್ಟವಳು. ಅವಳನ್ನು ಬೆಚ್ಚಗಿನ ಕಡೆಗೆ ಕರೆದುಕೋ. ಅವಳು ಕತ್ತಲಲ್ಲಿ ಕೂಗಿದ್ದನ್ನು ನಾವು ಕೇಳಲಿಲ್ಲ, ನೀನು ಕೇಳಿರುತ್ತೀ. ಅವಳ ಮೈಮೇಲಿನ ಗಂಟುಗಳನ್ನೆಲ್ಲ ನಾನು ಬಿಚ್ಚಿದ್ದೇನೆ. ಉಳಿದದ್ದನ್ನು ನೀನು ಬಿಚ್ಚು. ಅವಳ ಆತ್ಮಕ್ಕೆ ಶಾಂತಿ ಕೊಡು.